ಗಾಲಿಯ ಮೇಲಿನ ಹಗೇವು

ಹುಲಿಯಮ್ಮನನ್ನು ನಾನು ಮೊದಲು ಕಂಡದ್ದು ಅವಳು ಸೆಗಣಿ ಕೇಳಲು ಬಂದ ದಿನ. ಐವತ್ತೇಳನೆಯ ಇಸವಿ, ಯುಗಾದಿ ಕಳೆದಿತ್ತು. ಆಗ ನಾವು ಆನಂದಪುರದ ರೈಲ್ವೆ ಸ್ಟೇಷನ್ನಿನ ಹಿಂದೆ ಗ್ಯಾಂಗಿನವರ ಮನೆಯಲ್ಲಿದ್ದೆವು. ನಮ್ಮ ಯಜಮಾನರು ಹಳಿ ನೋಡುವ ಗ್ಯಾಂಗಿನಲ್ಲಿದ್ದರು. ನನ್ನ ತವರು ಸೊರಬದ ಗುಡವಿ. ಅಲ್ಲಿಂದ ಬಂದ ಕೆಂದ ಹಸುವೊಂದು ನಮ್ಮ ಕೊಟ್ಟಿಗೆಯಲ್ಲಿತ್ತು. ಆ ಸಾಲಿನಲ್ಲಿ ದನ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ.

ಬೆಳಿಗ್ಗೆ ಹಾಲು ಕರೆದು ಏಳುವಾಗ ಬಾಗಿಲಲ್ಲಿ ಒಬ್ಬಳು ನಿಂತಿದ್ದಳು. ತೆಳ್ಳಗೆ, ಎತ್ತರಕ್ಕೆ, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿದ್ದಳು. ಕಾಲು ಪೂರಾ ಬಿಳಿ.

"ಅಕ್ಕಾ, ಒಂದೀಟು ಸೆಗಣಿ ಇದ್ರೆ ಕೊಡ್ರಿ" ಅಂದಳು.

"ಎಂತಕ್ಕೆ ಮಾರಾಯ್ತಿ?"

"ನೆಲ ಸಾರ್ಸಾಕೆ. ಗೂಡ್ಸ್ ಶೆಡ್ಡಿನ ಹಿಂದೆ ಗುಡಿಸ್ಲು ಹಾಕ್ಕೊಂಡೀವಿ. ನೆಲ ಎಲ್ಲ ಬರೀ ಸುಣ್ಣ. ಕಾಲಿಟ್ರೆ ಹಿಮ್ಮಡಿ ಒಡೀತೈತೆ."

ಬುಟ್ಟಿಗೆ ಹಾಕಿಕೊಟ್ಟೆ. ಅವಳು ಒಂದು ಹಿಡಿ ಎತ್ತಿ ಅಂಗೈಯಲ್ಲಿ ಒತ್ತಿದಳು, ಬೆರಳಲ್ಲಿ ಹಿಸುಕಿದಳು. "ಹಸೀ ಹುಲ್ಲು ತಿಂದೈತೆ. ಇದಕ್ಕೆ ಹೊಟ್ಟು ಜಾಸ್ತಿ ಬೇಕು" ಅಂದಳು.

"ಸೆಗಣಿಗೂ ಹದ ನೋಡೋರನ್ನ ನಾನು ಇವತ್ತೇ ಕಂಡಿದ್ದು" ಅಂದೆ.

ಅವಳು ನಕ್ಕಳು. ಕೈಯಲ್ಲಿ ಸೆಗಣಿ ಇದ್ದುದರಿಂದ ಮಣಿಕಟ್ಟಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಹಾಗೆ ನಗುವುದು ಅವಳ ಅಭ್ಯಾಸ ಎಂದು ಆಮೇಲೆ ತಿಳಿಯಿತು, ಕೈ ತೊಳೆದಿದ್ದಾಗಲೂ ಹಾಗೆಯೇ.

ಅವಳ ಊರು ಶಿಕಾರಿಪುರದ ಆಚೆ, ಬಂದಳಿಕೆಯ ಹತ್ತಿರದ ಒಂದು ಹಳ್ಳಿ. ಅಲ್ಲಿ ಅವಳ ಭಾವ ಕೆಂಪಪ್ಪ, ಅವನ ಹೆಂಡತಿ ಲೋಕಮ್ಮ ಇದ್ದರು. ಇದ್ದ ಹೊಲ ಎರಡು ಸಂಸಾರಕ್ಕೆ ಸಾಲುತ್ತಿರಲಿಲ್ಲವೆಂದು ಹುಲಿಯಮ್ಮನೂ ಅವಳ ಗಂಡ ಯಲ್ಲಪ್ಪನೂ ಕೂಲಿಗೆ ಬಂದಿದ್ದರು. ಮಕ್ಕಳಾಗಿರಲಿಲ್ಲ. ಅವಳಿಗೆ ಇದ್ದದ್ದು ಒಂದೇ ಆಸೆ. ಅದನ್ನು ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದಾಳೆ: ತನ್ನದೇ ಒಂದು ಹಗೇವು ಜೋಳದಿಂದ ತುಂಬಬೇಕು, ಅದರ ಬಾಯಿಯನ್ನು ತನ್ನ ಕೈಯಿಂದ ಮೆತ್ತಬೇಕು.

ನಮ್ಮ ಗುಡವಿ ಕಡೆ ಹಗೇವು ಇಲ್ಲ. ನಮ್ಮದು ನೀರಿನ ನೆಲ, ತೋಡಿದರೆ ಒರತೆ. ಅವರ ಕಡೆ ಗಟ್ಟಿ ಮೊರಂ ನೆಲವಿರುವಲ್ಲಿ ಬಾವಿಯಂತೆ ತೋಡಿ, ಒಳಗೆ ಸುತ್ತ ಹುಲ್ಲು ಕಟ್ಟಿ ಜೋಳ ಸುರಿಯುತ್ತಾರೆ. ಬಾಯಿಗೆ ಚಪ್ಪಡಿ ಇಟ್ಟು, ಅಂಚಿಗೆ ಹುತ್ತದ ಮಣ್ಣು, ಸೆಗಣಿ, ಹೊಟ್ಟು ಕಲಸಿ ಮೆತ್ತುತ್ತಾರೆ. ಮೆತ್ತಿದ್ದು ಬಿರಿಯಬಾರದು. ಒಂದು ಕೂದಲೆಳೆ ಬಿರಿದರೂ ಮಳೆಗಾಲದಲ್ಲಿ ಜೋಳ ಮುಗ್ಗುತ್ತದೆ. ಹುಲಿಯಮ್ಮ ಮೆತ್ತಿದ್ದು ಬಿರಿಯುತ್ತಿರಲಿಲ್ಲ. ಸುತ್ತಲ ಊರಿನವರು ಸುಗ್ಗಿ ಮುಗಿದ ಮೇಲೆ ಗಾಡಿ ಕಳಿಸಿ ಅವಳನ್ನು ಕರೆಸಿಕೊಳ್ಳುತ್ತಿದ್ದರಂತೆ.

"ಮೆತ್ತೋದು ದೊಡ್ಡದಲ್ಲ ಅಕ್ಕಾ, ತೆಗೆಯೋದು ದೊಡ್ಡದು" ಎಂದು ಒಮ್ಮೆ ಹೇಳಿದ್ದಳು. "ಕಲ್ಲು ಎತ್ತಿದ ಕೂಡ್ಲೆ ಬಗ್ಗಿ ನೋಡಬಾರ್ದು. ಒಳಗಿನ ಉಸಿರು ಕೆಟ್ಟದ್ದು. ಮುಖ ಆಕಡೆ ತಿರುಗಿಸ್ಕೊಂಡು ಎತ್ತಬೇಕು, ಎತ್ತಿ ದೂರ ಬಂದು ಕೂರಬೇಕು. ಎಲೆ ಅಡಿಕೆ ಹಾಕ್ಕೊಂಡು ಊರ ಸುದ್ದಿ ಎಲ್ಲ ಮುಗಿಸಿ, ಆಮೇಲೆ ದೀಪ ಇಳಿಸಬೇಕು. ದೀಪ ಉರಿದ್ರೆ ಮನುಷ್ಯ ಇಳೀಬೋದು."

ಯಲ್ಲಪ್ಪನಿಗೆ ಕೆಲಸ ಸಿಕ್ಕಿದ್ದು ಪೆಟ್ಟಿಗೆಗಳ ಹತ್ತಿರ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಂಬ್ಲಿಗೊಳದ ಕಡೆ ನಡೆಯುತ್ತಿದ್ದ ಅಣೆಕಟ್ಟಿನ ಕೆಲಸಕ್ಕೆ ಸುಟ್ಟ ಸುಣ್ಣದ ಪುಡಿ ರೈಲಿನಲ್ಲಿ ಬರುತ್ತಿತ್ತು. ಗೂಡಿನಿಂದ ತೆಗೆದು ಅರೆದದ್ದು, ಇನ್ನೂ ನೀರು ಕಾಣದ ಸುಣ್ಣ. ಮೊದಲು ಗೋಣಿಚೀಲದಲ್ಲಿ ಬರುತ್ತಿತ್ತು. ಚೀಲ ಹರಿದು ಅರ್ಧ ಸುಣ್ಣ ವ್ಯಾಗನ್ನಿನಲ್ಲೇ ಉಳಿಯುತ್ತಿತ್ತು, ಉಳಿದದ್ದು ಹೊರುವವರ ಬೆನ್ನು ಸುಡುತ್ತಿತ್ತು. ಮೂಗಿಗೆ ಬಟ್ಟೆ ಕಟ್ಟಿಕೊಂಡ ಹೆಂಗಸರು ಸಂಜೆ ನಮ್ಮ ಮನೆಗೆ ಕೊಬ್ಬರಿ ಎಣ್ಣೆ ಕೇಳಲು ಬರುತ್ತಿದ್ದರು.

ಆ ವರ್ಷ ಕಂತ್ರಾಟುದಾರರು ಕಬ್ಬಿಣದ ಪೆಟ್ಟಿಗೆ ಮಾಡಿಸಿದರು. ಒಂದೊಂದೂ ಆಳೆತ್ತರ. ಮೇಲೆ ಮುಚ್ಚಳ, ಮುಚ್ಚಳಕ್ಕೆ ಸುತ್ತ ಬೋಲ್ಟು, ಅಡಿಯಲ್ಲಿ ಎಳೆದರೆ ತೆರೆಯುವ ಬಾಗಿಲು. ಗೂಡಿನ ಹತ್ತಿರ ತುಂಬಿ ಮುಚ್ಚಿದ ಪೆಟ್ಟಿಗೆ ಹಾಗೆಯೇ ಗೋಡೆಯಿಲ್ಲದ ವ್ಯಾಗನ್ನಿನ ಮೇಲೆ ಕೂತು ಬರುತ್ತಿತ್ತು. ನಮ್ಮಲ್ಲಿ ಅದನ್ನು ಸರಪಳಿ ರಾಟೆಯಿಂದ ಎತ್ತಿ ಲಾರಿಯ ಮೇಲೆ ಇಳಿಸುತ್ತಿದ್ದರು. ಕೆಲಸದ ಜಾಗದಲ್ಲಿ ಅಡಿಯ ಬಾಗಿಲು ಎಳೆದರೆ ಸುಣ್ಣ ತಾನೇ ಸುರಿಯುತ್ತಿತ್ತು. ಖಾಲಿ ಪೆಟ್ಟಿಗೆ ಮತ್ತೆ ರೈಲು ಹತ್ತಿ ಹೋಗುತ್ತಿತ್ತು. ಒಬ್ಬರ ಕೈಯೂ ತಾಗದೆ ಸುಣ್ಣ ಊರೂರು ದಾಟುವುದನ್ನು ನೋಡಲು ಸ್ಟೇಷನ್ನಿನ ಹೋಟೆಲಿನವರೂ ಬಂದು ನಿಲ್ಲುತ್ತಿದ್ದರು.

ರಾಟೆಯಲ್ಲಿ ತೂಗುವ ಪೆಟ್ಟಿಗೆಯನ್ನು ಹಿಡಿದು ಲಾರಿಯ ಮೇಲೆ ಸರಿಯಾಗಿ ಕೂರಿಸುವುದು ಯಲ್ಲಪ್ಪನ ಕೆಲಸ. ಲಾರಿ ಹೊರಡುವ ಮೊದಲು ಮುಚ್ಚಳ ಬಿಚ್ಚಿ ಪುಡಿ ಹುಡಿಹುಡಿಯಾಗಿ ಇದೆಯೇ ಎಂದು ನೋಡಬೇಕು. ಥಂಡಿ ತಾಗಿ ಗಟ್ಟಿಯಾಗಿದ್ದರೆ ಅಡಿಯ ಬಾಗಿಲಿನಿಂದ ಸುರಿಯುವುದಿಲ್ಲ. ಅವನು ಮಾತುಗಾರ. ಮೊದಲ ದಿನ ಪೆಟ್ಟಿಗೆಗಳನ್ನು ಹುಲಿಯಮ್ಮನಿಗೆ ತೋರಿಸಲು ಕರೆದುಕೊಂಡು ಬಂದಾಗ ನಾನೂ ಬೇಲಿಯ ಹತ್ತಿರ ಇದ್ದೆ.

"ನೋಡೇ, ಹಗೇವು ಹಗೇವು ಅಂತ ಜಪ ಮಾಡ್ತಿದ್ದೆಲ್ಲ" ಅಂದ. "ಇಲ್ಲೈತೆ ನೋಡು, ಗಾಲಿ ಮ್ಯಾಲಿನ ಹಗೇವು. ನಿಮ್ಮಪ್ಪ ಕಂಡಿದ್ನಾ?"

"ನಮ್ಮಪ್ಪನ ಹಗೇವಲ್ಲಿ ಜೋಳ ಇತ್ತು. ನಿಮ್ಮ ಹಗೇವಲ್ಲಿ ಇರೋದು ಯಾರಿಗೆ ಉಣ್ಣಾಕೆ?" ಎಂದು ಅವಳು ಕೇಳಿದಳು.

ಆ ಮಾತು ಅವನಿಗೆ ಬಹಳ ಹಿಡಿಸಿತು. ಆಮೇಲೆ ಕೂಲಿಯವರೆಲ್ಲ ಪೆಟ್ಟಿಗೆಗೆ ಹಗೇವು ಎಂದೇ ಅನ್ನತೊಡಗಿದರು. ಮೇಸ್ತ್ರಿ ಪರಮಶಿವಪ್ಪನೂ "ಇವತ್ತು ಎಷ್ಟು ಹಗೇವು ಬಂದ್ವೋ?" ಎಂದು ಕೇಳುತ್ತಿದ್ದ.

ಆಷಾಢ ಬಂತು. ಆ ವರ್ಷ ಮಳೆ ಬಿಡಲಿಲ್ಲ. ಅಂಬ್ಲಿಗೊಳದ ರಸ್ತೆ ಕೆಸರಾಗಿ ಲಾರಿಗಳು ಹೂತವು. ಬಂದ ಪೆಟ್ಟಿಗೆಗಳು ಯಾರ್ಡಿನಲ್ಲೇ ತಾಡಪಾಲಿನ ಕೆಳಗೆ ಕಾಯುತ್ತ ಕೂರಬೇಕಾಯಿತು. ಮುಚ್ಚಳದ ಅಡಿಗೆ ಹಾಕಿದ್ದ ಚರ್ಮದ ಪಟ್ಟಿ ಸವೆದಿತ್ತು. ಗಾಳಿಗೆ ತಾಡಪಾಲು ಎದ್ದಾಗ ನೀರು ಅಂಚಿನಿಂದ ಒಳಗೆ ಇಳಿದು, ಒಂದು ಪೆಟ್ಟಿಗೆಯ ಸುಣ್ಣ ಮೇಲೆಲ್ಲ ಕಲ್ಲಿನಂತಾಯಿತು. ಅಡಿಯ ಬಾಗಿಲು ಎಳೆದರೆ ಒಂದು ಚಟಾಕೂ ಬೀಳಲಿಲ್ಲವಂತೆ.

ಪರಮಶಿವಪ್ಪ ಮಳೆಯಲ್ಲೇ ನಿಂತು ಯಲ್ಲಪ್ಪನಿಗೆ ಬೈದ. ನಮ್ಮ ಮನೆಗೆ ಕೇಳಿಸುವಷ್ಟು ಜೋರಾಗಿ ಬೈದ.

"ಮುಚ್ಚಳ ಕಾಯೋಕೆ ನಿನ್ನ ಇಟ್ಕೊಂಡಿರೋದು. ಇನ್ನೊಂದು ಪೆಟ್ಟಿಗೆ ನೀರು ಕುಡೀತು ಅಂದ್ರೆ ಗಂಟು ಕಟ್ಟು, ಊರಿಗೆ ಹೋಗು."

"ಪಟ್ಟಿ ಸವೆದೈತೆ ಮೇಸ್ತ್ರಿ. ಹೊಸಾದು ಹಾಕಿಸ್ರಿ."

"ಬರ್ತದೆ. ಬರೋ ತನಕ ನಿನ್ನ ತಲೆ ಅಡ್ಡ ಕೊಡು."

ಅವತ್ತು ಮಧ್ಯಾಹ್ನ ಹುಲಿಯಮ್ಮ ಬುಟ್ಟಿ ಹಿಡಿದು ಬಂದಳು. ಮುಖ ಗಟ್ಟಿ ಮಾಡಿಕೊಂಡಿದ್ದಳು. "ಅಕ್ಕಾ, ಸೆಗಣಿ ಇವತ್ತು ಎಲ್ಲಾ ನಂಗೇ ಬೇಕು. ಪೆಟ್ಟಿಗೆ ಬಾಯಿ ಮೆತ್ತಿಬಿಡ್ತೀನಿ. ನಮ್ಮ ಕಡೆ ಎರಡು ಮಳೆಗಾಲ ನೆಲದಾಗಿದ್ರೂ ಜೋಳಕ್ಕೆ ಒಂದು ಹನಿ ಇಳಿಯಲ್ಲ. ಇದಕ್ಕೆ ಇಳಿದೀತಾ?"

ನನಗೂ ಸರಿ ಎನ್ನಿಸಿತು. ಯಲ್ಲಪ್ಪನಿಗೂ ಎನ್ನಿಸಿತು. ಪರಮಶಿವಪ್ಪನಿಗೆ ಹೇಳಿದರೆ, "ಏನಾದ್ರೂ ಮಾಡ್ರಪ್ಪ, ನೀರು ಹೋಗದಿದ್ರೆ ಸಾಕು" ಅಂದ. ಸುಣ್ಣಕ್ಕೆ ನೀರು ಬಿದ್ದರೆ ಕುದಿಯುತ್ತದೆ ಎಂದು ತಿಳಿಯದವರು ನಮ್ಮಲ್ಲಿ ಯಾರೂ ಇರಲಿಲ್ಲ. ಗೋಡೆಗೆ ಹಚ್ಚಲು ಮನೆಮನೆಯಲ್ಲೂ ಸುಣ್ಣ ಅರಳಿಸುತ್ತೇವೆ. ಆದರೆ ಮಳೆ ನೀರು ಮಾತ್ರ ನಮಗೆ ನೀರಾಗಿ ಕಂಡಿತು, ಕಲಸಿದ ಮಣ್ಣಿನಲ್ಲಿರುವ ನೀರು ನೀರಾಗಿ ಕಾಣಲಿಲ್ಲ. ಹಗೇವಿನ ಬಾಯಿಗೆ ಮೆತ್ತಿದಾಗ ಆ ಒದ್ದೆಯನ್ನು ಸುತ್ತಲ ನೆಲ ಕುಡಿಯುತ್ತದೆ. ಕಬ್ಬಿಣ ಕುಡಿಯುವುದಿಲ್ಲ. ಇದು ನನಗೆ ಗೊತ್ತಾದದ್ದು ಎಲ್ಲ ಆದ ಮೇಲೆ, ಹುಲಿಯಮ್ಮನ ಬಾಯಿಂದಲೇ.

ಅವಳು ಮಳೆ ಹೊಳವಾದಾಗ ಒಂದು ಪೆಟ್ಟಿಗೆಗೆ ಮೆತ್ತಿದಳು. ಹುತ್ತದ ಮಣ್ಣು ಸಿಗದೆ ಕೆರೆಯ ಜೇಡಿಮಣ್ಣು ತಂದಿದ್ದಳು. ಮುಚ್ಚಳದ ಸುತ್ತ, ಬೋಲ್ಟಿನ ತಲೆಯ ಸುತ್ತ, ಒಂದು ಕಡೆಯೂ ಬಿಡದಂತೆ ಬೆರಳಿನಿಂದ ಒತ್ತಿ ಒತ್ತಿ ಮೆತ್ತಿದಳು. ಕೊನೆಗೆ ಅಂಗೈ ಒದ್ದೆ ಮಾಡಿ ನಯವಾಗಿ ಸವರಿದಳು. ಕೂಲಿಯವರು ಸುತ್ತ ನಿಂತು ನೋಡಿದರು. "ಪೂಜೆ ಒಂದು ಬಾಕಿ ಕಣವ್ವ" ಎಂದು ಒಬ್ಬ ಅಂದ. ಯಲ್ಲಪ್ಪ ಹೆಮ್ಮೆಯಿಂದ ಮೀಸೆ ಸವರಿಕೊಂಡ.

ಮಾರನೆಯ ದಿನ ಬಿಸಿಲು ಬಂತು. ಲಾರಿಯೂ ಬಂತು. ಹುಲಿಯಮ್ಮ ಇನ್ನೆರಡು ಪೆಟ್ಟಿಗೆಗೆ ಮೆತ್ತಲು ಮಣ್ಣು ತರುತ್ತೇನೆಂದು ಕೆರೆಗೆ ಹೋಗಿದ್ದಳು. ಯಲ್ಲಪ್ಪ ಪೆಟ್ಟಿಗೆಯ ಮೇಲೆ ಕೈಯಿಟ್ಟು "ಬೆಚ್ಚಗೈತೆ, ಬಿಸಿಲು ಚಲೋ ಬಿದ್ದೈತೆ" ಎಂದನಂತೆ. ಅದು ಬಿಸಿಲಿನ ಬಿಸಿಯಲ್ಲ. ಸೋರಿದ ಒದ್ದೆಗೆ ಅಂಚಿನ ಸುಣ್ಣ ಒಳಗೆ ಬೇಯುತ್ತಿತ್ತು. ಹೊರಗೆ ಬರಲು ಆ ಹಬೆಗೆ ಒಂದು ಎಳೆ ಸಂದೂ ಇರಲಿಲ್ಲ. ಹುಲಿಯಮ್ಮನ ಕೈ ಅಷ್ಟು ಚೆನ್ನಾಗಿ ಮೆತ್ತಿತ್ತು.

ಅವನು ಮಣ್ಣು ಕೆತ್ತಿ, ಬೋಲ್ಟು ಸಡಿಲಿಸಿ, ಥಂಡಿ ಇಳಿದಿದೆಯೇ ಎಂದು ನೋಡಲು ಮುಖ ಬಗ್ಗಿಸಿ ಮುಚ್ಚಳ ಎತ್ತಿದ.

ಕೂಗು ಕೇಳಿ ನಾನು ಓಡಿ ಹೋದೆ. ನಾಲ್ಕು ಜನ ಅವನನ್ನು ಹಿಡಿದುಕೊಂಡು ನಲ್ಲಿಯ ಕೆಳಗೆ ಕೂರಿಸಿದ್ದರು. ಮುಖ ಪೂರಾ ಬಿಳಿ, ನೀರು ಬಿದ್ದಂತೆಲ್ಲ ಕೆಂಪಾಗುತ್ತಿತ್ತು. "ಹುಲಿಯಿ ಎಲ್ಲಿ, ಅವಳನ್ನ ದೂರ ಇರಾಕೆ ಹೇಳ್ರಿ, ಇನ್ನೂ ಹಾರ್ತೈತೆ" ಎಂದು ಅವನು ಹೇಳುತ್ತಲೇ ಇದ್ದ. ಅವಳು ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತು ಅದೇ ಹೊತ್ತಿಗೆ ಹಳಿ ದಾಟಿ ಬರುತ್ತಿದ್ದಳು.

ನಮ್ಮ ಯಜಮಾನರು ಗಾರ್ಡಿಗೆ ಕೈ ಮುಗಿದು ಗೂಡ್ಸ್ ಗಾಡಿಯ ಹಿಂದಿನ ಡಬ್ಬಿಯಲ್ಲಿ ಅವರಿಬ್ಬರನ್ನೂ ಶಿವಮೊಗ್ಗಕ್ಕೆ ಕಳಿಸಿದರು. ಅದೇ ಗಾಡಿಯಲ್ಲಿ ಖಾಲಿ ಪೆಟ್ಟಿಗೆಗಳೂ ಹೋದವು. ಡಾಕ್ಟರು ಕೈಲಾದ್ದು ಮಾಡಿದರು. ಮೊದಮೊದಲು ಬೆಳಕು ಕಾಣುತ್ತದೆ ಅನ್ನುತ್ತಿದ್ದ. ಆಮೇಲೆ ಅದೂ ಇಲ್ಲ.

ಗುಡಿಸಲಿನ ಸಾಮಾನು ತೆಗೆದುಕೊಳ್ಳಲು ಬಂದಾಗ ಹುಲಿಯಮ್ಮ ನಮ್ಮ ಮನೆಯೊಳಗೆ ಬರಲಿಲ್ಲ, ಜಗಲಿಯಲ್ಲೇ ಕೂತಳು. "ಮುಚ್ಚೋದು ನಾನೇ ಮುಚ್ಚಿದೆ ಅಕ್ಕಾ. ತೆಗೆಯೋದು ಹೇಳ್ಲಿಲ್ಲ. ಊರಾಗೆ ಹಗೇವು ತೆಗೆಯೋವಾಗ ನಮ್ಮನೆಯವ್ರೇ ಎಲ್ಲಾರಿಗೂ ದೂರ ಹೋಗ್ರಿ ಅಂತಿದ್ರು. ಪೆಟ್ಟಿಗೆ ಅಂತ ಮರೆತ್ರು. ನಾನಿದ್ದಿದ್ರೆ ಹೇಳ್ತಿದ್ದೆ" ಅಂದಳು. ಪರಮಶಿವಪ್ಪ ಬಂದು ತಲೆ ತಗ್ಗಿಸಿ ನಿಂತ. ಆ ತಿಂಗಳೇ ಮುಚ್ಚಳಗಳಿಗೆಲ್ಲ ಹೊಸ ರಬ್ಬರ್ ಪಟ್ಟಿ ಬಂತು. ಪೆಟ್ಟಿಗೆಗಳು ಬರುತ್ತಲೇ ಇದ್ದವು. ಅವುಗಳಿಗೆ ಹಗೇವು ಎನ್ನುವುದನ್ನು ಮಾತ್ರ ಎಲ್ಲರೂ ಬಿಟ್ಟರು.

ಅವರು ಊರಿಗೆ ಹೋದ ಮರುವರ್ಷ ನಾನು ನೋಡಲು ಹೋದೆ. ಶಿಕಾರಿಪುರದವರೆಗೆ ಬಸ್ಸು, ಅಲ್ಲಿಂದ ಮುಂದೆ ಬಂದಳಿಕೆಯ ಕಡೆ ಹೋಗುವ ಗಾಡಿ. ಕೆಂಪಪ್ಪ ಒಳ್ಳೆಯವನು. ತಮ್ಮನಿಗೆ ಹೊಲದಲ್ಲಿ ಒಂದು ಪಾಲು ಬಿಟ್ಟು, ತಾನೇ ಉತ್ತು ಬಿತ್ತಿ ಕೊಡುತ್ತಿದ್ದ. ಹುಲಿಯಮ್ಮ ಕಳೆ ತೆಗೆಯುತ್ತಿದ್ದಳು, ಕೊಯ್ಯುತ್ತಿದ್ದಳು, ಒಕ್ಕುತ್ತಿದ್ದಳು. ಮೆತ್ತುವುದನ್ನು ಮಾತ್ರ ಬಿಟ್ಟಿದ್ದಳು. ಬೇರೆ ಊರಿನವರು ಗಾಡಿ ಕಳಿಸಿದರೆ ಖಾಲಿ ಗಾಡಿ ವಾಪಸು ಹೋಗುತ್ತಿತ್ತು. ಮನೆಯ ನೆಲವನ್ನೂ ಅವಳು ಸಾರಿಸುತ್ತಿರಲಿಲ್ಲ. ಒದ್ದೆ ಸೆಗಣಿ ಕೈಗೆ ತಾಗಿದರೆ ಎದ್ದು ಹೋಗಿ ಕೈ ತೊಳೆದುಕೊಳ್ಳುತ್ತಿದ್ದಳು.

ಆ ಸಲ ಮನೆಯ ಹಗೇವಿನ ಬಾಯಿ ಮೆತ್ತಿದವಳು ಲೋಕಮ್ಮ. ನಾನು ಹೋದಾಗ ಜೋಳ ತೆಗೆದಿದ್ದರು. ಮೇಲಿನದೆಲ್ಲ ಮುಗ್ಗಿ ಕಪ್ಪಾಗಿತ್ತು. ರೊಟ್ಟಿ ತಟ್ಟಿದರೆ ಮನೆಯೆಲ್ಲ ವಾಸನೆ.

"ಕೈಯಾಗೆ ಇದ್ದ ವಿದ್ಯೆನ ಕಟ್ಟಿಟ್ಟು ಕುಂತಾಳೆ ನೋಡ್ರಿ" ಎಂದು ಲೋಕಮ್ಮ ನನ್ನ ಮುಂದೆಯೇ ಅಂದಳು. "ಸುಣ್ಣ ಕುದೀತು ಅಂತ ಜೋಳ ಕುದೀತೈತಾ? ಮನೆ ಮಂದಿಗೆಲ್ಲ ಮುಗ್ಗಲು ತಿನ್ನಿಸ್ತಾಳೆ."

ಹುಲಿಯಮ್ಮ ರೊಟ್ಟಿ ಬೇಯಿಸುತ್ತಿದ್ದಳು, ತಿರುಗಿ ನೋಡಲಿಲ್ಲ. ಯಲ್ಲಪ್ಪ ತಟ್ಟೆಗೆ ಕೈಯಾಡಿಸಿ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡ. "ಅತ್ತಿಗೆ, ಕಣ್ಣಿದ್ದೋರಿಗೆ ಕಪ್ಪು ಕಾಣ್ತೈತೆ. ನಂಗೆ ಎಲ್ಲಾ ರೊಟ್ಟಿನೂ ಒಂದೇ ಬಣ್ಣ" ಅಂದ. ಲೋಕಮ್ಮ ಎದ್ದು ಒಳಗೆ ಹೋದಳು.

ನಾನು ಹೊರಡುವಾಗ ಅವನು ಕೋಲು ಊರಿಕೊಂಡು ಬೇಲಿಯವರೆಗೆ ಬಂದ. "ವರದಕ್ಕಾ, ನನ್ನ ಕಣ್ಣು ಹೋದದ್ದು ಹೋಯ್ತು. ಅವಳ ಕೈನೂ ಹೋಯ್ತಲ್ಲ, ಅದನ್ನ ಹೆಂಗೆ ತಡಕೊಳ್ಳಲಿ?" ಎಂದು ಕೇಳಿದ.

ಅವನೇ ಒಂದು ದಾರಿ ಹುಡುಕಿದ. ಹಿತ್ತಿಲಲ್ಲಿ ಅವರ ತಾತನ ಕಾಲದ ಒಂದು ಹಗೇವು ಮುಚ್ಚಿಹೋಗಿತ್ತು. ಅದನ್ನು ಅಣ್ಣನಿಂದ ಕೇಳಿ ತೆಗೆದುಕೊಂಡು, ತೆರೆದು ಗಾಳಿಗೆ ಬಿಟ್ಟು, ದೀಪ ಇಳಿಸಿ ನೋಡಿಸಿ, ತಾನೇ ಇಳಿದು ಮಣ್ಣು ತೆಗೆದ. ಕೆಂಪಪ್ಪ ಬೇಡವೆಂದರೆ, "ಒಳಗೆ ಹೆಂಗೂ ಕತ್ತಲು. ನಿಮಗಿಂತ ನಂಗೇ ಸಲೀಸು" ಎಂದನಂತೆ. ಕೈಯಿಂದ ತಡವಿ ತಡವಿ ಗೋಡೆ ನಯ ಮಾಡಿದ, ಹುಲ್ಲಿನ ಹುರಿ ಸುತ್ತಿದ. ಐವತ್ತೊಂಬತ್ತರ ಸುಗ್ಗಿಗೆ ತಮ್ಮ ಪಾಲಿನ ಜೋಳವನ್ನು ಅದಕ್ಕೆ ಸುರಿಸಿದ. ಆಗ ನನ್ನನ್ನೂ ಕರೆಸಿಕೊಂಡಿದ್ದರು.

ಚಪ್ಪಡಿ ಇಟ್ಟಾಯಿತು. ಕಲಸಿದ ಮಣ್ಣು ಪಕ್ಕದಲ್ಲಿತ್ತು. ಹುಲಿಯಮ್ಮ ದೂರದಲ್ಲಿ ಹುಣಸೆಮರಕ್ಕೆ ಒರಗಿ ನಿಂತಿದ್ದಳು.

"ಬಾರೇ" ಅಂದ ಯಲ್ಲಪ್ಪ.

"ಲೋಕಕ್ಕ ಮೆತ್ತಲಿ."

"ಇದು ನಿನ್ನ ಹಗೇವು. ಬೇರೆಯೋರು ಮೆತ್ತಿದ್ರೆ ನಾ ಒಂದು ಕಾಳೂ ತಿನ್ನಲ್ಲ, ಹೇಳಿರ್ತೀನಿ."

ಅವಳು ಬಂದು ಕೂತಳು. ಮಣ್ಣಿಗೆ ಕೈ ಹಾಕಲು ಆಗಲಿಲ್ಲ. ಅವನು ತಡವಿ ಅವಳ ಎರಡು ಕೈಯನ್ನೂ ಹಿಡಿದುಕೊಂಡ. ಹಾಗೆಯೇ ಮಣ್ಣಿನೊಳಗೆ ಅದ್ದಿದ. "ಈಗ ಇಬ್ರದೂ ಆಯ್ತು. ಬಿರಿದ್ರೆ ಅರ್ಧ ಬೈಗುಳ ನಂದು" ಅಂದ. ಅವಳ ಕೈಯ ಮೇಲೆ ಅವನ ಕೈ. ಚಪ್ಪಡಿಯ ಅಂಚು ಸುತ್ತಿ ಬರುವಷ್ಟರಲ್ಲಿ ಬಿಸಿಲು ಏರಿತ್ತು. ಕೊನೆಯಲ್ಲಿ ಅಂಗೈ ಒದ್ದೆ ಮಾಡಿ ಸವರುವಾಗ ಅವಳು ಅವನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ತಾನೊಬ್ಬಳೇ ಸವರಿದಳು. ಲೋಕಮ್ಮ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ, "ನೀರು ತಂದುಕೊಡ್ಲೇನೇ, ಕೈ ತೊಳಿಯಾಕೆ?" ಎಂದು ಕೇಳಿದಳು. ಅಷ್ಟು ಮೆತ್ತಗೆ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಆ ಜೋಳವನ್ನು ಯಲ್ಲಪ್ಪ ಉಣ್ಣಲಿಲ್ಲ. ಮಳೆಗಾಲದಲ್ಲಿ ಜ್ವರ ಬಂತು. ಸುಣ್ಣ ಕುಡಿದ ಎದೆ, ಕೆಮ್ಮು ಮೊದಲಿನಿಂದಲೂ ಇತ್ತು. ಶ್ರಾವಣ ಮುಗಿಯುವ ಮೊದಲೇ ಹೋಗಿಬಿಟ್ಟ. ಹುಲಿಯಮ್ಮ ಹಗೇವು ತೆಗೆಯಲು ಬಿಡಲಿಲ್ಲ. ಭಾವನ ಮನೆಯ ಜೋಳದಲ್ಲೇ ದಿನ ಕಳೆದಳು. ದಿನಾ ಸಂಜೆ ಹೋಗಿ ಅಂಚಿನ ಸುತ್ತ ಕೈಯಾಡಿಸಿ ಬರುತ್ತಿದ್ದಳಂತೆ.

ಕಾರ್ತಿಕದಲ್ಲಿ ಅವಳೂ ಮಲಗಿದಳು. ಕೆಂಪಪ್ಪ ಹೇಳಿ ಕಳಿಸಿದ. ನಾನು ಹೋದಾಗ ಹಿತ್ತಿಲ ಕಡೆಯ ಜಗಲಿಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಉಸಿರು ಸಣ್ಣಗಾಗಿತ್ತು. ಅಲ್ಲಿಂದ ಹಗೇವಿನ ಚಪ್ಪಡಿ ಕಾಣುತ್ತಿತ್ತು. ಒಣಗಿ ಬಿಳಿಚಿದ್ದ ಮಣ್ಣಿನಲ್ಲಿ ಒಂದು ಬಿರುಕೂ ಇರಲಿಲ್ಲ.

"ಬಿತ್ತನೆಗೆ ಭಾವ ಜೋಳ ಕೇಳ್ತಾರೆ. ತೆಗೆದುಬಿಡು ಅಕ್ಕಾ. ನನ್ನ ಕೈಲಾಗಲ್ಲ" ಅಂದಳು.

ಆ ಜೋಳ ಹೇಗಿತ್ತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಒಂದು ಕಾಳೂ ಮುಗ್ಗಿರಲಿಲ್ಲ, ಸುರಿದ ದಿನ ಹೇಗಿತ್ತೋ ಹಾಗೇ ಬೆಳ್ಳಗಿತ್ತು. ದೀಪ ಇಳಿಸಿ, ಕೆಂಪಪ್ಪ ಇಳಿದು, ಮೊದಲ ಮೊರ ಮೇಲೆ ಬಂದಾಗ ನಾನು ಒಂದು ಬೊಗಸೆ ಹಿಡಿದು ಜಗಲಿಗೆ ಓಡಿದೆ. ಲೋಕಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನ್ನನ್ನು ನೋಡಿ ತಲೆ ಅಲ್ಲಾಡಿಸಿದಳು. ಹುಲಿಯಮ್ಮ ಆ ಜೋಳವನ್ನು ನೋಡಲಿಲ್ಲ.

ಅದಕ್ಕಿಂತ ಮೊದಲು, ನಾನು ಹಾರೆ ತೆಗೆದುಕೊಂಡು ಜಗಲಿ ಇಳಿಯುತ್ತಿದ್ದಾಗ ಅವಳು ನನ್ನ ಸೆರಗು ಹಿಡಿದಳು. ನಾನು ಬಗ್ಗಿ ಕಿವಿ ಕೊಟ್ಟೆ.

"ಅಕ್ಕಾ, ಕಲ್ಲು ಎತ್ತುವಾಗ ಮುಖ ಆಕಡೆ ತಿರುಗಿಸ್ಕೊಳ್ತೀಯಲ್ಲಾ?"